ಕೇಳದೆ ಉಂಡ ಊಟ

ಸಂಜೆ ಆರಕ್ಕೆ ಅವಳ ಬಟ್ಟೆಚೀಲ ಅಡುಗೆಕಟ್ಟೆಯ ಮೇಲೆ ಬಂದು ಕೂತಿತೆಂದರೆ ಆ ಮನೆಗೆ ರಾತ್ರಿಯ ಊಟ ಬಂತು ಅಂತಲೇ ಅರ್ಥ. ಚೀಲದಲ್ಲೊಂದು ಸ್ಟೀಲ್ ಡಬ್ಬಿ. ಡಬ್ಬಿಯಲ್ಲಿ ಬೇಯಿಸಿದ ಆಲೂಗಡ್ಡೆ, ಒಂದೊಂದು ದಿನ ಮೊಟ್ಟೆ, ಒಂದೊಂದು ದಿನ ತಳ ಹಿಡಿದ ಸೂಪು. ಕಾಗದದಲ್ಲಿ ಸುತ್ತಿದ ಬ್ರೆಡ್ಡಿನ ತುದಿಗಳು. ತಾಮ್ರದ ತಂತಿ ಮಾಡುವ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಮಧ್ಯಾಹ್ನ ನಾನ್ನೂರು ಜನ ಉಂಡೆದ್ದ ಮೇಲೆ ಪಾತ್ರೆಯಲ್ಲಿ ಉಳಿದದ್ದು ಅದು. ಅವಳು ಅಲ್ಲಿ ಹನ್ನೊಂದು ವರ್ಷದಿಂದ ಅಡುಗೆ ಮಾಡುತ್ತಿದ್ದಳು. ಅಡುಗೆಯವರೆಲ್ಲ ಉಳಿದದ್ದನ್ನು ಹಂಚಿಕೊಂಡು ಮನೆಗೆ ಒಯ್ಯುತ್ತಿದ್ದರು. ಅದನ್ನು ಯಾರೂ ಕದ್ದದ್ದು ಅನ್ನುತ್ತಿರಲಿಲ್ಲ, ತಂದದ್ದು ಅನ್ನುತ್ತಿದ್ದರು.

ಇವಳ ಮನೆಯಲ್ಲಿ ಮಾತ್ರ ಅದಕ್ಕೆ ಏನೂ ಅನ್ನುತ್ತಿರಲಿಲ್ಲ. ಗಂಡ ಅದೇ ಕಾರ್ಖಾನೆಯ ಗೇಟಿನಲ್ಲಿದ್ದ. ಸಂಜೆ ಆರೂವರೆಗೆ ಬಂದು, ಬೂಟು ಬಿಚ್ಚಿ, ಕೈಕಾಲು ತೊಳೆದು, ತಟ್ಟೆಯ ಮುಂದೆ ಕೂತು, ಬಡಿಸಿದ್ದನ್ನು ಉಣ್ಣುತ್ತಿದ್ದ. ಎಲ್ಲಿಂದ ಬಂತು ಅಂತ ಒಂದು ದಿನವೂ ಕೇಳಿದವನಲ್ಲ.

ಕೇಳುವ ಹಾಗೆ ಮಾಡಿ ಕೆಣಕುತ್ತಿದ್ದವನು ಅವನ ಅಪ್ಪ. ಮುದುಕ ಅದೇ ಕಾರ್ಖಾನೆಯ ಲೇತ್ ಯಂತ್ರದ ಮೇಲೆ ಮೂವತ್ತು ವರ್ಷ ದುಡಿದು, ಎಡಗೈಯ ಎರಡು ಬೆರಳನ್ನು ಅಲ್ಲೇ ಬಿಟ್ಟು ಬಂದವನು. ಹಲ್ಲೂ ಹೋಗಿತ್ತು. ಮೆತ್ತಗಿದ್ದದ್ದು ಬಿಟ್ಟು ಬೇರೇನೂ ಇಳಿಯುತ್ತಿರಲಿಲ್ಲ.

"ಏನಯ್ಯ ಗೇಟು, ಇವತ್ತು ಎಷ್ಟು ಜನರ ಜೇಬಿಗೆ ಕೈ ಹಾಕಿದೆ?"

"ಅಪ್ಪ, ಸುಮ್ನೆ ಊಟ ಮಾಡು."

"ಮಾಡ್ತಾ ಇದೀನಲ್ಲ. ಆಲೂಗಡ್ಡೆ ಒಳ್ಳೇ ಬೆಣ್ಣೆ ಥರ ಇದೆ. ಯಾವ ತೋಟದ್ದೋ ಏನೋ."

ಗಂಡಹೆಂಡಿರ ಒಬ್ಬಳೇ ಮಗಳು ಕಿಸಕ್ಕನೆ ನಗುತ್ತಿದ್ದಳು. ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆಯ ಕೆಲಸ ಕಲಿಯುತ್ತಿದ್ದ ಹುಡುಗಿ. ಗಂಡ ತಲೆ ಎತ್ತದೆ ಇನ್ನೊಂದು ಆಲೂಗಡ್ಡೆಗೆ ಕೈ ಚಾಚುತ್ತಿದ್ದ. ಹೀಗೇ ಹನ್ನೊಂದು ವರ್ಷ ನಡೆದಿತ್ತು.

ಇಪ್ಪತ್ತಮೂರು ವರ್ಷದ ಹಿಂದೆ ಅವನು ಲಾಠಿ, ಟಾರ್ಚು ಹಿಡಿದು ಹಿಂದಿನ ಗೇಟಿನಲ್ಲಿ ನಿಂತವನು. ಆಮೇಲೆ ಲಾರಿ ತೂಕದ ರಿಜಿಸ್ಟರು, ಆಮೇಲೆ ಪಾಳಿಯ ಮೇಲ್ವಿಚಾರಣೆ. ಸೊಂಟಕ್ಕೆ ತಾಮ್ರದ ತಂತಿ ಸುತ್ತಿಕೊಂಡು ಹೊರಟವನನ್ನು ಬರೀ ನಡಿಗೆ ನೋಡಿ ಹಿಡಿದಿದ್ದ. ಎರಡು ಕೇಜಿ ಇದೆ ಅಂದಿದ್ದ. ತೂಗಿದರೆ ಎರಡು ಕೇಜಿ ನೂರು ಗ್ರಾಂ ಬಂದಿತ್ತು. ಕಾರ್ಮಿಕರು ಗೇಟುಸಾಹೇಬ ಅಂತ ಹೆಸರಿಟ್ಟರು. ಹಳೇ ಸೆಕ್ಯೂರಿಟಿ ಮ್ಯಾನೇಜರು ಕಾಯಿಲೆ ಬಿದ್ದು ಮನೆಗೆ ಹೋದ ಮೇಲೆ ಎಂಟು ತಿಂಗಳಿಂದ ಇವನೇ ಹಂಗಾಮಿ ಮ್ಯಾನೇಜರು. ಕ್ಯಾಬಿನ್ನು ಬಂತು, ಟೈ ಬಂತು. ಕಾಯಂ ಆದೇಶ ಮಾತ್ರ ಬಂದಿರಲಿಲ್ಲ.

ಗೇಟಿನಲ್ಲೊಂದು ದೀಪವಿತ್ತು. ಕೆಲಸ ಮುಗಿಸಿ ಹೊರಟವರೆಲ್ಲ ಅದರ ಗುಂಡಿ ಒತ್ತಬೇಕು. ಹಸಿರು ಬಂದರೆ ಮನೆಗೆ. ಕೆಂಪು ಬಂದರೆ ಪಕ್ಕದ ಕೋಣೆಯಲ್ಲಿ ಚೀಲ, ಜೇಬು ಎಲ್ಲ ತಪಾಸಣೆ. ಯಾರಿಗೆ ಯಾವುದು ಬರುತ್ತೆ ಅನ್ನುವುದು ಯಂತ್ರದ ಇಷ್ಟ ಅಂತ ಎಲ್ಲರೂ ನಂಬಿದ್ದರು. ಆದರೆ ಕ್ಯಾಬಿನ್ನಿನ ಮೇಜಿನ ಕೆಳಗೊಂದು ಸ್ವಿಚ್ಚಿತ್ತು. ಒಳಗಿಂದ ಒತ್ತಿದರೆ ಬೇಕಾದವರಿಗೆ ಕೆಂಪು. ಅದು ಗೊತ್ತಿದ್ದದ್ದು ಅವನಿಗೆ, ತಂತಿ ಎಳೆದ ಎಲೆಕ್ಟ್ರಿಷಿಯನ್ನನಿಗೆ, ಮತ್ತೆ ಹೆಂಡತಿಗೆ. ಕ್ಯಾಬಿನ್ನು ಸಿಕ್ಕ ವಾರ ಅವನೇ ಅವಳ ಮುಂದೆ ಜಂಬ ಕೊಚ್ಚಿಕೊಂಡಿದ್ದ. "ನೋಡು, ಒಂದು ಬೆರಳು. ಡೈರೆಕ್ಟರಿಗೂ ಗೊತ್ತಿಲ್ಲ."

"ನನಗೂ ಒತ್ತಿಬಿಟ್ಟೀರಿ" ಅಂತ ಅವಳು ನಕ್ಕಿದ್ದಳು.

ಹೊಸ ಡೈರೆಕ್ಟರು ಬಂದು ತಾಮ್ರದ ನಷ್ಟ ಹೆಚ್ಚಿದೆ ಅಂದರು. ಪಾಸಿಲ್ಲದೆ ಗುಂಡುಸೂಜಿಯೂ ಹೊರಗೆ ಹೋಗಬಾರದು ಅಂದರು. ಗೇಟುಸಾಹೇಬ ತಾನೇ ಕೂತು ಸುತ್ತೋಲೆ ಬರೆದ. "ಆಹಾರ ಪದಾರ್ಥವೂ ಸೇರಿದಂತೆ" ಅನ್ನುವ ಮಾತನ್ನು ಡೈರೆಕ್ಟರು ಹೇಳಿರಲಿಲ್ಲ, ಇವನೇ ಸೇರಿಸಿದ. ಚೆನ್ನಾಗಿ ಕಾಣುತ್ತೆ ಅಂತ. ಆ ಕಾಗದವನ್ನು ಕ್ಯಾಂಟೀನಿನ ಗೋಡೆಗೂ ಅಂಟಿಸಿದರು. ಅಡುಗೆಯವರು ಓದಿದರು, ಡಬ್ಬಿ ತುಂಬಿದರು, ಹೋದರು. ಗಾರ್ಡುಗಳೂ ಡಬ್ಬಿ ನೋಡಿ ಕಣ್ಣು ಆಚೆ ತಿರುಗಿಸುತ್ತಿದ್ದರು. ಅವರಿಗೂ ಅದೇ ಪಾತ್ರೆಯಿಂದ ಬ್ರೆಡ್ಡು ಬರುತ್ತಿತ್ತು.

ಆಮೇಲೊಂದು ಹೆಸರಿಲ್ಲದ ಕಾಗದ ಡೈರೆಕ್ಟರ ಮೇಜಿಗೆ ಬಂತು. ಗೇಟುಸಾಹೇಬರ ಹೆಂಡತಿಗೆ ಮಾತ್ರ ಯಾವಾಗಲೂ ಹಸಿರು ಹೇಗೆ, ಅಂತ ಒಂದೇ ಸಾಲು.

ಡೈರೆಕ್ಟರು ಅದನ್ನು ಅವನಿಗೆ ತೋರಿಸಿ, "ಗುರುವಾರ ಸಂಜೆ ನಾನೇ ಗೇಟಿಗೆ ಬರ್ತೀನಿ" ಅಂದರು.

ಅವನಿಗೆ ಅದು ಒಳ್ಳೆಯದೇ ಆಯಿತು ಅನ್ನಿಸಿತು. ಡೈರೆಕ್ಟರ ಎದುರೇ ಹೆಂಡತಿಗೆ ಕೆಂಪು ಬೀಳಲಿ, ಚೀಲ ಖಾಲಿ ಇರಲಿ, ಎಲ್ಲರೂ ನೋಡಲಿ. ಅಲ್ಲಿಗೆ ಬಾಯಿ ಮುಚ್ಚುತ್ತೆ, ಆದೇಶ ಬರುತ್ತೆ. ಆದರೆ ಚೀಲ ಖಾಲಿ ಇರಬೇಕಾದರೆ ಅವಳಿಗೆ ಹೇಳಬೇಕು. ಹೇಳಬೇಕಾದರೆ ಹನ್ನೊಂದು ವರ್ಷ ಚೀಲದಲ್ಲಿ ಏನಿತ್ತು ಅಂತ ಬಾಯಿ ಬಿಡಬೇಕು.

ಗುರುವಾರ ಬೆಳಗ್ಗೆ ಬೂಟಿನ ದಾರ ಕಟ್ಟುತ್ತ ಅಂದ: "ಇವತ್ತು ಸಂಜೆ ನನಗೆ ಹಸಿವಿರಲ್ಲ."

"ಸಂಜೆಯ ಹಸಿವು ಬೆಳಗ್ಗೆ ಏಳಕ್ಕೇ ಗೊತ್ತಾಯ್ತಾ?"

"ಇರಲ್ಲ ಅಂದೆನಲ್ಲ. ನನಗೇನೂ ಬೇಡ."

"ಸರಿ. ಒಂದು ತಟ್ಟೆ ತೊಳೆಯೋದು ಉಳೀತು."

ಅವನು ಹೇಳಿದ್ದಾಯಿತು ಅಂದುಕೊಂಡು ಹೋದ.

ಸಂಜೆ ಐದೂವರೆಗೆ ಅವಳು ಗುಂಡಿ ಒತ್ತಿದಳು. ಕೆಂಪು ಬಂತು. ಅವಳು ತಲೆ ಎತ್ತಿ ಕ್ಯಾಬಿನ್ನಿನ ಗಾಜಿನ ಕಡೆ ನೋಡಿದಳು. ಗಾಜಿನ ಹಿಂದೆ ಡೈರೆಕ್ಟರು ನಿಂತಿದ್ದರು, ಪಕ್ಕದಲ್ಲಿ ಗಂಡ ಕೂತಿದ್ದ, ಕೈ ಮೇಜಿನ ಕೆಳಗಿತ್ತು.

ಚೀಲ ಬಿಚ್ಚಿದ್ದು ಗೇಟಿನ ಲೇಡಿ ಗಾರ್ಡು. ಅವಳು ಗಂಡ ಬಿಟ್ಟುಹೋದ ಹೆಂಗಸು, ದಿನಾ ಹನ್ನೊಂದರ ಟೀ ಹೊತ್ತಿಗೆ ಇವಳ ಕೈಯಿಂದಲೇ ಎರಡು ತುಂಡು ಬ್ರೆಡ್ಡು ತಿನ್ನುವವಳು. "ಅಕ್ಕ, ನಾನೇನು ಮಾಡ್ಲಿ" ಅಂತ ಉಸಿರಿನಲ್ಲೇ ಅಂದಳು.

"ನಿನ್ನ ಕೆಲಸ ಮಾಡು."

ಆಲೂಗಡ್ಡೆ ಎಂಟು, ಮೊಟ್ಟೆ ನಾಲ್ಕು, ಬ್ರೆಡ್ಡು ಅರ್ಧ. ಡೈರೆಕ್ಟರು ಒಳಗೆ ಬಂದು ನೋಡಿದರು.

"ಇವರೇನಾ ನಿಮ್ಮ ಮನೆಯವರು?"

"ಹೌದು ಸರ್."

"ಬರೀರಿ."

ಅವನು ಬರೆದ. ಇಪ್ಪತ್ತಮೂರು ವರ್ಷದಿಂದ ಬರೆದ ಅದೇ ದುಂಡು ಅಕ್ಷರದಲ್ಲಿ, ಸಂಖ್ಯೆ ಸಮೇತ.

ಮನೆಗೆ ಬಂದಾಗ ಅಡುಗೆಕಟ್ಟೆ ಖಾಲಿಯಿತ್ತು. ಮುದುಕನಿಗೆ ಮಗಳು ಗಂಜಿ ಕಾಯಿಸಿ ಕೊಟ್ಟಿದ್ದಳು.

"ಹೇಳಿದ್ದೆನಲ್ಲ ನಾನು," ಅಂದ ಅವನು, ಬೂಟು ಬಿಚ್ಚುವ ಮೊದಲೇ.

"ಏನು ಹೇಳಿದ್ರಿ?"

"ಹಸಿವಿರಲ್ಲ ಅಂದೆ."

"ನಿಮಗೆ ಹಸಿವಿರಲ್ಲ ಅಂದ್ರಿ. ನಿಮ್ಮಪ್ಪನಿಗೆ?"

"ಅಷ್ಟು ಅರ್ಥ ಆಗಲ್ವಾ? ಬಿಡಿಸಿ ಹೇಳಬೇಕಾ?"

"ಬಿಡಿಸಿ ಹೇಳಬೇಕಿತ್ತು. 'ಡೈರೆಕ್ಟರು ಬರ್ತಾರೆ, ನಾನು ಸ್ವಿಚ್ ಒತ್ತಿ ನಿನ್ನ ಹಿಡಿಸ್ತೀನಿ, ಡಬ್ಬಿ ಬಿಟ್ಟು ಬಾ.' ಒಂದೇ ಉಸಿರು ಸಾಕಿತ್ತು. ಬಾಯಿಗೇನಾಗಿತ್ತು?"

ಮಗಳು ಗಂಜಿಯ ಪಾತ್ರೆ ತಿಕ್ಕುತ್ತಿದ್ದಳು. ತಿರುಗದೆಯೇ ಕೇಳಿದಳು: "ಅಪ್ಪ, ಅಮ್ಮ ನಡೆದು ಬರ್ತಿದ್ದಾಗ ಚೀಲ ಜೋತಾಡ್ತಿದ್ದದ್ದು ಕಾಣಲಿಲ್ವಾ?"

"ಜನ ಇದ್ರು."

"ಸೊಂಟದ ತಂತಿ ಎಷ್ಟು ಗ್ರಾಂ ಅಂತ ನಡಿಗೆಯಲ್ಲೇ ಹೇಳೋನಿಗೆ ಎಂಟು ಆಲೂಗಡ್ಡೆ ಕಾಣಲಿಲ್ಲ."

"ನೀನು ಒಳಗೆ ಹೋಗು."

"ಒಳಗೇ ಇದೀನಿ. ಇರೋದು ಎರಡೇ ರೂಮು."

ಹೆಂಡತಿಯನ್ನು ಕೆಲಸದಿಂದ ಅಮಾನತು ಮಾಡಿದರು. ಮೂರು ವಾರದ ಮೇಲೆ ವಿಚಾರಣೆ, ಕಂಪನಿಯ ನೌಕರರಲ್ಲೇ ಒಬ್ಬರನ್ನು ಸಾಕ್ಷಿಯಾಗಿ ಕರೆತರಬಹುದು, ಅಂತ ಕಾಗದ ಬಂತು.

ಮೊದಲ ವಾರ ಅವಳು ಮನೆಯ ಪಾತ್ರೆಯನ್ನೆಲ್ಲ ಕೆಳಗಿಳಿಸಿ ಬೆಳಗಿದಳು. ಕಿಟಕಿ ತೊಳೆದಳು. ಇನ್ನೇನೂ ಉಳಿಯದಾದಾಗ ಬೆಳಗಿದ್ದನ್ನೇ ಬೆಳಗಿದಳು. ಕ್ಯಾಂಟೀನಿನ ಹಿರಿಯ ಅಡುಗೆಯಾಕೆ ನೋಡಲು ಬಂದಳು. ನಾಲ್ಕು ತಿಂಗಳಲ್ಲಿ ಅವಳ ನಿವೃತ್ತಿ. ಅವಳ ಜಾಗಕ್ಕೆ ಇವಳನ್ನೇ ಅಂತ ಮಾತಾಗಿತ್ತು.

"ಈಗ ಯಾರೂ ಡಬ್ಬಿ ಮುಟ್ಟಲ್ಲ ಕಣೇ. ಎಲ್ಲ ಡ್ರಮ್ಮಿಗೆ ಸುರೀತೀವಿ. ನಿನ್ನೆ ಅರವತ್ತು ಮೊಟ್ಟೆ ಸುರಿದೆ."

"ಸಾಕ್ಷಿಗೆ ನೀವು ಬರ್ತೀರಾ? ಎಲ್ಲರೂ ಒಯ್ತಿದ್ವಿ ಅಂತ ಹೇಳಿದ್ರೆ ಸಾಕು."

ಹಿರಿಯಾಕೆ ಲೋಟದ ತಳ ನೋಡುತ್ತ ಕೂತಳು. "ನಾಲ್ಕು ತಿಂಗಳು ಉಳಿದಿದೆ ನಂಗೆ."

"ಬೇಡ ಬಿಡಿ. ಟೀ ಆರ್ತಾ ಇದೆ, ಕುಡೀರಿ."

ಅವಳು ಪರ್ಸೊನೆಲ್ ಆಫೀಸಿಗೂ ಹೋಗಿಬಂದಳು. ಅಲ್ಲಿಯ ಆಫೀಸರು ಕೆಟ್ಟ ಮನುಷ್ಯನಲ್ಲ. ಹಳೇ ರೂಢಿ ಅಂತ ಜವಾಬ್ದಾರಿ ಇರೋ ಒಬ್ಬರು ಹೇಳಿದರೆ ಎಚ್ಚರಿಕೆ ಕೊಟ್ಟು ಬಿಡಬಹುದು, ಇಲ್ಲದಿದ್ದರೆ ಕಳವು ಅಂತಲೇ ಆಗುತ್ತೆ, ಅಂದರು. ಆ ರಾತ್ರಿ ಊಟದ ಹೊತ್ತಿಗೆ ಅವಳು ಸಾಕ್ಷಿಯ ಅರ್ಜಿಯನ್ನು ಗಂಡನ ತಟ್ಟೆಯ ಪಕ್ಕ ಇಟ್ಟಳು. ಸಾಕ್ಷಿಯ ಜಾಗದಲ್ಲಿ ಅವನ ಹೆಸರಿತ್ತು.

"ತಲೆ ಕೆಟ್ಟಿದೆಯಾ ನಿಂಗೆ?"

"ನಿಮಗಿಂತ ಜವಾಬ್ದಾರಿ ಇರೋರು ಯಾರಿದಾರೆ?"

"ರೂಢಿ ಅಂತ ನಾನು ಹೇಳಿದ್ರೆ, ಹನ್ನೊಂದು ವರ್ಷ ಗೇಟಲ್ಲಿ ಕೂತು ನೀನೇನು ಮಾಡ್ತಿದ್ದೆ ಅಂತ ಕೇಳ್ತಾರೆ."

"ಏನು ಮಾಡ್ತಿದ್ರಿ?"

ಅವನು ಇನ್ನೊಂದು ತುತ್ತು ಬಾಯಿಗಿಟ್ಟ.

"ಉಣ್ತಿದ್ರಿ. ಅಷ್ಟು ಹೇಳಿ ಸಾಕು."

"ನಾನೇ ಬರ್ತೀನಿ," ಅಂದ ಮುದುಕ. "ಮೂವತ್ತು ವರ್ಷದ ಸರ್ವೀಸಿದೆ, ಎರಡು ಬೆರಳು ಅಲ್ಲೇ ಡಿಪಾಜಿಟ್ಟಿದೆ."

"ಈಗಿನ ನೌಕರರೇ ಆಗಬೇಕಂತೆ ಮಾವ."

"ಹಾಗಾದ್ರೆ ಬೆರಳನ್ನೇ ಕರೀಲಿ. ಅವು ಇನ್ನೂ ಅಲ್ಲೇ ಇವೆ."

ಯಾರೂ ನಗಲಿಲ್ಲ. ಗಂಡ ಕಾಗದವನ್ನು ಮಡಿಸಿ ಅಂಗಿಯ ಜೇಬಿಗೆ ಹಾಕಿಕೊಂಡ. "ಎಂಟು ತಿಂಗಳು ಹಂಗಾಮಿ ಅನ್ನಿಸಿಕೊಂಡಿದೀನಿ. ಇದೊಂದು ಸಲ ಕಾಯಂ ಆಗಲಿ. ಮಗಳ ಓದು, ಅಪ್ಪನ ಔಷಧಿ, ಎಲ್ಲಾ ನಾನೊಬ್ಬನೇ ನೋಡ್ಕೋತೀನಿ. ನೀನು ದುಡೀಲೇಬೇಕು ಅಂತೇನಿಲ್ಲ."

"ಹನ್ನೊಂದು ವರ್ಷದಲ್ಲಿ ಈ ಮಾತು ಒಂದು ದಿನ ಹೇಳಿದ್ರೆ ಸಿಹಿಯಾಗಿ ಇರ್ತಿತ್ತು," ಅಂದಳು ಅವಳು. "ನನಗೆ ಕೆಲಸ ಹೋದ್ರೂ ಹೋಗಲಿ. ಕಳ್ಳಿ ಅನ್ನಿಸ್ಕೊಂಡು ಹೊರಗೆ ಬರಲ್ಲ."

ಎರಡು ವಾರ ಅವರಿಬ್ಬರ ನಡುವೆ ಉಪ್ಪು ಕೊಡು, ಬಾಗಿಲು ಹಾಕು ಅನ್ನುವುದನ್ನು ಬಿಟ್ಟರೆ ಮಾತಿರಲಿಲ್ಲ. ವಿಚಾರಣೆಯ ಹಿಂದಿನ ಸಂಜೆ ಮಗಳು ಅಪ್ಪನ ಪಕ್ಕ ಬಂದು ಕೂತಳು.

"ಹೇಳ್ತೀಯಾ?"

"ನೋಡ್ತೀನಿ."

"ನೋಡೋದು ನಿನ್ನ ಕೆಲಸ, ಗೊತ್ತು. ಹೇಳ್ತೀಯಾ ಅಂತ ಕೇಳಿದ್ದು."

"ಹೇಳ್ತೀನಿ ಬಿಡೇ. ತಲೆ ತಿನ್ನಬೇಡ."

ಇದು ಅಡುಗೆಮನೆಗೆ ಕೇಳಿಸಿತು. ಬೆಳಗ್ಗೆ ಅವನು ಎದ್ದಾಗ ಬಿಳಿ ಅಂಗಿಗೆ ಇಸ್ತ್ರಿಯಾಗಿತ್ತು, ಬೂಟಿಗೆ ಪಾಲಿಶಾಗಿತ್ತು. ಮೂರು ವಾರದಲ್ಲಿ ಮೊದಲ ಸಲ ಅವಳು ಅವನ ಟೀಗೆ ಸಕ್ಕರೆ ಸರಿಯಾಗಿದೆಯಾ ಅಂತ ಕೇಳಿದಳು.

ವಿಚಾರಣೆ ನಡೆದದ್ದು ತರಬೇತಿ ಕೋಣೆಯಲ್ಲಿ. ಗೋಡೆಯ ಮೇಲೆ ಬೆಂಕಿ ಆರಿಸುವ ಚಿತ್ರಗಳು. ವಿಚಾರಣಾಧಿಕಾರಿ ಎಂಟು ಆಲೂಗಡ್ಡೆಯ ವರದಿ ಓದಿದರು. ಆಮೇಲೆ ಅವನ ಕಡೆ ತಿರುಗಿದರು. ಹಿಂದಿನ ಸಾಲಿನಲ್ಲಿ ಡೈರೆಕ್ಟರು ಕಾಲ ಮೇಲೆ ಕಾಲು ಹಾಕಿ ಕೂತಿದ್ದರು.

"ಕ್ಯಾಂಟೀನಿನ ಆಹಾರ ಈ ಹಿಂದೆಯೂ ನಿಮ್ಮ ಮನೆಗೆ ಬರ್ತಿತ್ತು, ಅದು ನಿಮಗೆ ಗೊತ್ತಿತ್ತು ಅಂತ ನೌಕರೆ ಹೇಳ್ತಾರೆ. ನಿಜವಾ?"

ಅವನು ಎದ್ದು ನಿಂತ. ಟೈ ಸರಿಮಾಡಿಕೊಂಡ.

"ಸರ್, ಮನೆಯಲ್ಲಿ ಊಟ ಎಲ್ಲಿಂದ ಬರುತ್ತೆ ಅಂತ ನಾನು ಯಾವತ್ತೂ ಕೇಳಿದವನಲ್ಲ."

"ಅಂದರೆ ಗೊತ್ತಿರಲಿಲ್ಲ."

"ಕೇಳಿಲ್ಲ ಸರ್."

"ಗೊತ್ತಿರಲಿಲ್ಲ ಅಂತ ಬರ್ಕೊಳ್ಳಿ," ಅಂದರು ಅಧಿಕಾರಿ ಗುಮಾಸ್ತನಿಗೆ. ಗಂಡ ತಿದ್ದಲಿಲ್ಲ.

ಅವಳಿಗೂ ಒಂದು ಪ್ರಶ್ನೆ ಕೇಳಲು ಅವಕಾಶ ಕೊಟ್ಟರು. ಅವಳು ಗಂಡನನ್ನೇ ನೋಡುತ್ತ ಕೇಳಿದಳು: "ಆ ಗುರುವಾರ ದೀಪ ತಾನಾಗೇ ಕೆಂಪಾಯ್ತಾ?"

"ದೀಪಕ್ಕೂ ಇದಕ್ಕೂ ಸಂಬಂಧವಿಲ್ಲ," ಅಂದರು ಅಧಿಕಾರಿ. ಕಡತ ಮುಚ್ಚಿದರು.

ಒಂದೇ ವಾರದಲ್ಲಿ ಎರಡು ಕಾಗದ ಬಂದವು. ಕಳವಿನ ಕಾರಣಕ್ಕೆ ವಜಾ, ಅಂತ ಅವಳಿಗೆ. ಸೆಕ್ಯೂರಿಟಿ ಮ್ಯಾನೇಜರ್ ಹುದ್ದೆಯಲ್ಲಿ ಕಾಯಂ, ಅಂತ ಅವನಿಗೆ. ಮುದುಕ ಎರಡನ್ನೂ ಮೊಮ್ಮಗಳ ಕೈಯಲ್ಲಿ ಓದಿಸಿ ಕೇಳಿದ. "ಸಹಿ ಒಬ್ಬರದ್ದೇನಾ?" ಅಂದ. ಒಬ್ಬರದ್ದೇ.

ಕಳವು ಅನ್ನುವ ಮಾತಿದ್ದ ಕಾಗದ ನೋಡಿ ಬೇರೆ ಯಾವ ಕ್ಯಾಂಟೀನಿನವರೂ ಅವಳನ್ನು ಒಳಗೆ ಬಿಡಲಿಲ್ಲ. ಕೊನೆಗೆ ಬಸ್ ನಿಲ್ದಾಣದ ಪಕ್ಕದ ಹೋಟೆಲಿನಲ್ಲಿ ಪಾತ್ರೆ ತೊಳೆಯುವ ಕೆಲಸ ಸಿಕ್ಕಿತು. ಆ ಮೊದಲ ಸಂಜೆ ಬಂದವಳೇ ಅಡುಗೆ ಮಾಡಿ, ಎಲ್ಲರಿಗೂ ಬಡಿಸಿದಳು. ಗಂಡನ ಮುಂದೆ ಖಾಲಿ ತಟ್ಟೆ ಇಟ್ಟು ಸೌಟು ಹಿಡಿದು ನಿಂತಳು.

"ಹಾಕು."

"ಕೇಳಿ."

"ಏನು ಕೇಳೋದು?"

"ಎಲ್ಲಿಂದ ಬಂತು ಅಂತ. ಯಾವತ್ತೂ ಕೇಳಿದವನಲ್ಲ ಅಂದ್ರಲ್ಲ, ಅಷ್ಟು ಜನರ ಮುಂದೆ. ಇನ್ನು ಮೇಲೆ ಕೇಳಿದ ಮೇಲೇ ಬಡಿಸೋದು."

ಅವನು ಅಪ್ಪನ ಕಡೆ ನೋಡಿದ. ಮುದುಕ ಬಟ್ಟಲಿನಲ್ಲಿ ಬ್ರೆಡ್ಡು ನೆನೆಸುತ್ತಿದ್ದ. ಮಗಳು ನೀರು ಕುಡಿಯುತ್ತಿದ್ದಳು. ಅವನು ಎದ್ದು ಹೋಗಿ ಹಸಿದುಕೊಂಡೇ ಮಲಗಿದ. ಮಾರನೇ ದಿನವೂ ಹಾಗೇ. ಮೂರನೇ ದಿನ ತಟ್ಟೆ ನೋಡುತ್ತ ಅಂದ: "ಎಲ್ಲಿಂದ ಬಂತು?"

"ಆಲೂಗಡ್ಡೆ ಮೂಲೆ ಅಂಗಡಿಯಿಂದ. ಬ್ರೆಡ್ಡು ನಿನ್ನೆಯದು, ಬೇಕರಿಯಲ್ಲಿ ಅರ್ಧ ಬೆಲೆಗೆ ಕೊಟ್ರು. ಉಪ್ಪು ಮನೆಯದು."

ದಿನಾ ಅವನು ಕೇಳಿದ, ದಿನಾ ಅವಳು ಹೇಳಿದಳು. ಕ್ಯಾಬಿನ್ನಿನ ಬಾಗಿಲಿಗೆ ಹಿತ್ತಾಳೆಯ ಫಲಕ ಬಂತು. ಆಫೀಸರ ಊಟದ ಹಾಲಿನಲ್ಲಿ ಮಧ್ಯಾಹ್ನ ಅವನಿಗೊಂದು ಕುರ್ಚಿಯಾಯಿತು. ಅಲ್ಲಿ ಬಡಿಸುವವರು ಅವನ ತಟ್ಟೆಗೆ ಮಾತ್ರ ಎಣಿಸಿ ಹಾಕುತ್ತಿದ್ದರು.

ಚಳಿ ಶುರುವಾದಾಗ ಮುದುಕ ಜ್ವರ ಹಿಡಿದು ಮಲಗಿದ. ಗಂಜಿ ಬೇಡ ಅಂದ, ಅಂಗಡಿಯ ಬ್ರೆಡ್ಡು ಬೇಡ ಅಂದ. "ಆ ಆಲೂಗಡ್ಡೆ ಮಾಡೇ," ಅಂದ ಸೊಸೆಗೆ. ಅವಳು ಮಾಡಿದಳು. "ಇದಲ್ಲ," ಅಂದ. ದೊಡ್ಡ ಪಾತ್ರೆಯಲ್ಲಿ ಹಬೆಯಲ್ಲಿ ಬೆಂದದ್ದರ ರುಚಿ ಮನೆಯ ಒಲೆಯ ಮೇಲೆ ಬರುತ್ತಿರಲಿಲ್ಲ. ನಾಲ್ಕು ದಿನ ಹಾಗೇ ಹೋಯಿತು.

ಐದನೇ ಸಂಜೆ ಗಂಡ ಬಂದಾಗ ಮುದುಕ ಎದ್ದು ದಿಂಬಿಗೆ ಒರಗಿ ಕೂತಿದ್ದ. ಮುಂದೆ ಬಟ್ಟಲು, ಬಟ್ಟಲಿನಲ್ಲಿ ಸಿಪ್ಪೆ ಸುಲಿದ ಆಲೂಗಡ್ಡೆ. ಎರಡು ಬೆರಳಿಲ್ಲದ ಕೈಯಲ್ಲೇ ಅದನ್ನು ಹಿಸುಕಿ ಹಿಸುಕಿ ತಿನ್ನುತ್ತಿದ್ದ. ಮಗಳ ತಟ್ಟೆಯಲ್ಲೂ ಎರಡಿದ್ದವು. ಗಂಡ ಬಾಗಿಲಲ್ಲೇ ನಿಂತ. ಅಡುಗೆಕಟ್ಟೆಯ ಮೇಲೆ ಯಾರದೋ ಡಬ್ಬಿ, ಮುಚ್ಚಳಕ್ಕೆ ನೀಲಿ ದಾರ ಕಟ್ಟಿತ್ತು. ಆ ದಾರ ಅವನಿಗೆ ಗೊತ್ತು. ದಿನಾ ಬೆಳಗ್ಗೆ ಗೇಟಿನ ತಪಾಸಣೆ ಕೋಣೆಯ ಕಪಾಟಿನಲ್ಲಿ ನೋಡುವ ಡಬ್ಬಿ.

ಅವನು ಕೈಕಾಲು ತೊಳೆದು ಬಂದು ಕೂತ. ಅವಳು ಸೌಟು ಹಿಡಿದು ನಿಂತಳು.

ಈ ಸಲ ಅವನು ಕೇಳಲಿಲ್ಲ. ತಟ್ಟೆಯನ್ನು ಸುಮ್ಮನೆ ಒಂದಿಷ್ಟು ಮುಂದೆ ತಳ್ಳಿದ.

"ಕೇಳಿ."

"ಇವತ್ತು ಬೇಡ. ಹಾಗೇ ಹಾಕು."

"ಹಾಗೇ ಹಾಕೋದು ಮುಗೀತು. ಕೇಳಿ."

"ಬೇಡ ಅಂದೆನಲ್ಲ."

"ಅಪ್ಪ, ಕೇಳು," ಅಂದಳು ಮಗಳು. "ಕಾಯಂ ಆಗಿದೀಯಲ್ಲ, ಇನ್ನೇನು ಹೆದರಿಕೆ?"

ಅವನು ತುಂಬ ಹೊತ್ತು ತಟ್ಟೆಯ ಅಂಚು ಉಜ್ಜಿದ.

"ಎಲ್ಲಿಂದ ಬಂತು?"

"ನಿಮ್ಮ ಕ್ಯಾಂಟೀನಿಂದ," ಅಂದಳು ಅವಳು. "ನಿಮ್ಮ ಲೇಡಿ ಗಾರ್ಡು ತಂದುಕೊಟ್ಟಳು. ಡ್ರಮ್ಮಿಗೆ ಸುರಿಯೋ ಮೊದಲು ಹಿರಿಯಾಕೆ ಹಾಕಿಕೊಟ್ಟರಂತೆ. ದೀಪ ಹಸಿರು ಬಂತಂತೆ. ಮಾವನಿಗೆ ಜ್ವರ ಇಳಿಯೋವರೆಗೂ ದಿನಾ ತರ್ತೀನಿ ಅಂದಿದಾಳೆ. ಎರಡು ಮಕ್ಕಳಿವೆ ಅವಳಿಗೆ, ಗೊತ್ತಲ್ಲ ನಿಮಗೆ. ಈಗ ಕೇಳಿದೀರಿ, ಈಗ ಗೊತ್ತಾಯ್ತು."

ಅವಳು ಎರಡು ಆಲೂಗಡ್ಡೆ ಎತ್ತಿ ಅವನ ತಟ್ಟೆಗೆ ಹಾಕಿದಳು. ಮುದುಕ ತಿನ್ನುವುದನ್ನು ನಿಲ್ಲಿಸಿ ಮಗನ ಕೈಯನ್ನೇ ನೋಡಿದ.

ಮತ್ತೆ ಬಿಸಿ ಮಾಡಿದ ಆಲೂಗಡ್ಡೆಯಿಂದ ಹಬೆ ಏಳುತ್ತಿತ್ತು. ಅವನ ಕೈ ತಟ್ಟೆಯವರೆಗೆ ಬಂದು ಅಲ್ಲೇ ನಿಂತಿತು. ಆಮೇಲೆ ತೊಡೆಯ ಮೇಲೆ ಹೋಗಿ ಕೂತಿತು.

"ನಾಳೆ ಡೈರೆಕ್ಟರು ಗೇಟಿಗೆ ಬರ್ತಾರೆ," ಅಂತ ಅವನು ಹೇಳಲಿಲ್ಲ. ಬೂಟಿನ ಕಡೆ ನೋಡುತ್ತ ಬೇರೆಯೇ ಹೇಳಿದ.

"ನಾಳೆ ಸಂಜೆ ನನಗೆ ಹಸಿವಿರಲ್ಲ."

ಅವಳು ಸೌಟನ್ನು ಪಾತ್ರೆಯಲ್ಲಿಟ್ಟು, ಸೆರಗಿಗೆ ಕೈ ಒರೆಸಿಕೊಂಡು, ಮಗಳ ಕಡೆ ತಿರುಗಿದಳು.

"ಅವಳಿಗೆ ಫೋನ್ ಮಾಡು. ನಾಳೆ ಡಬ್ಬಿ ತರಬೇಡ ಅನ್ನು. ಏನೂ ತರಬೇಡ, ಖಾಲಿ ಕೈಯಲ್ಲಿ ಗುಂಡಿ ಒತ್ತು ಅನ್ನು."

"ಯಾಕೆ ಅಂತ ಕೇಳಿದ್ರೆ?"

"ಸಾಹೇಬರಿಗೆ ಹಸಿವಿಲ್ವಂತೆ ಅನ್ನು."

ಆಮೇಲೆ ಗಂಡನ ಮುಂದಿದ್ದ ತಟ್ಟೆ ಎತ್ತಿ, ಅದರಲ್ಲಿದ್ದ ಎರಡು ಆಲೂಗಡ್ಡೆಯನ್ನು ಮುದುಕನ ಬಟ್ಟಲಿಗೆ ಹಾಕಿ, ತಟ್ಟೆ ತೊಳೆಯಲು ಹೋದಳು.